ಖುಷ್ಕಿ ಭೂಮಿಯ ಮೇಲೆ ಮಹಾನಗರ: ತಾಲ್ಲೂಕು ಕೇಂದ್ರ ಕೆ.ಆರ್.ಪುರದ ಕಥೆ

ಮಂಗಳವಾರ ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್.ಪುರವನ್ನು ದಾಟಬೇಕಾದವರಿಗೆ ಅಂದು ಸಂತೆಯ ದಿನವೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಅಲುಗಾಡದೆ ನಿಂತ ವಾಹನಗಳ ಸಾಲೇ ಅದನ್ನು ಹೇಳುತ್ತದೆ. ರಸ್ತೆಯ ಬದಿಯಲ್ಲಿ ಸೊಪ್ಪು, ತರಕಾರಿ, ಕಾಳುಕಡ್ಡಿಗಳ ರಾಶಿ. ಸ್ವಲ್ಪ ದೂರದಲ್ಲಿ ತೂಗುಸೇತುವೆ, ಅದರಾಚೆಗೆ ಮೆಟ್ರೊ ನಿಲ್ದಾಣ. ವೈಟ್‌ಫೀಲ್ಡಿನ ಕಚೇರಿಗೆ ಹೊರಟವರೂ ಹೊಸಕೋಟೆ ಕಡೆಯಿಂದ ಮೂಟೆ ಹೊತ್ತು ಬಂದವರೂ ಒಂದೇ ಸಿಗ್ನಲ್ಲಿನಲ್ಲಿ ಕಾಯುತ್ತಾರೆ. ರಾಜ್ಯದ ಇತರ ಭಾಗದ ಓದುಗರಿಗೆ ಕೆ.ಆರ್.ಪುರವೆಂದರೆ ಸಂಚಾರ ದಟ್ಟಣೆಯ ಸುದ್ದಿಯಲ್ಲಿ ಬರುವ ಹೆಸರು, ಅಥವಾ ರೈಲು ಬೆಂಗಳೂರು ತಲುಪುವ ಮುನ್ನ ನಿಲ್ಲುವ ಸ್ಥಳ. ಅದೊಂದು ತಾಲ್ಲೂಕು ಕೇಂದ್ರ ಎಂಬ ಸಂಗತಿ ಬೆಂಗಳೂರಿಗರಿಗೂ ನೆನಪಾಗುವುದು ಪಹಣಿಯೋ ಜಾತಿ ಪ್ರಮಾಣಪತ್ರವೋ ಬೇಕಾದಾಗ ಮಾತ್ರ.

ಬೆಂಗಳೂರು ಪೂರ್ವ ತಾಲ್ಲೂಕಿನ ಆಡಳಿತ ಕೇಂದ್ರ ಈ ಊರು. ಕೃಷ್ಣರಾಜಪುರ, ವರ್ತೂರು ಮತ್ತು ಬಿದರಹಳ್ಳಿ ಎಂಬ ಮೂರು ಹೋಬಳಿಗಳು ಈ ತಾಲ್ಲೂಕಿಗೆ ಸೇರಿವೆ. ದೇಶದ ಮಾಹಿತಿ ತಂತ್ರಜ್ಞಾನ ರಫ್ತಿನಲ್ಲಿ ಬಹುದೊಡ್ಡ ಪಾಲು ಹೊಂದಿರುವ ಕಚೇರಿಗಳು ಇದೇ ಹೋಬಳಿಗಳ ಸರ್ವೆ ನಂಬರುಗಳ ಮೇಲೆ ನಿಂತಿವೆ. ಕೃಷಿ ಇಲಾಖೆಯ ದೃಷ್ಟಿಯಲ್ಲಾದರೋ ಈ ಪ್ರದೇಶದ ಗುರುತು ಬೇರೆಯೇ. ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿರುವ ಪಟ್ಟಿಯಲ್ಲಿ ಬೆಂಗಳೂರು ಮತ್ತು ಕೋಲಾರದ ಸೀಮೆ ‘ಪೂರ್ವ ಒಣ ವಲಯ’ಕ್ಕೆ ಸೇರಿದೆ. ರಾಗಿ, ಹುರುಳಿ, ಅವರೆ ಬೆಳೆಯುವ ಕೆಂಪು ಮಣ್ಣಿನ ನಾಡು ಇದು. ವರ್ಷಪೂರ್ತಿ ಹರಿಯುವ ಹೊಳೆಯೊಂದೂ ಇಲ್ಲಿಲ್ಲ.

ಒಣನಾಡಿನ ಒಂದು ಸಣ್ಣ ಊರು ಮಹಾನಗರದ ಭಾಗವಾದಾಗ ನಾಡಿನ ಶುಷ್ಕತೆ ಎಲ್ಲಿಗೆ ಹೋಗುತ್ತದೆ? ಅದು ಎಲ್ಲಿಗೂ ಹೋಗುವುದಿಲ್ಲ ಎಂಬುದಕ್ಕೆ ಕೆ.ಆರ್.ಪುರದಷ್ಟು ಸ್ಪಷ್ಟವಾದ ನಿದರ್ಶನ ರಾಜ್ಯದಲ್ಲಿ ಮತ್ತೊಂದಿರಲಾರದು.

ಹೆಸರಿನಲ್ಲಿ ಸಮುದ್ರ

ಸುತ್ತಲಿನ ಊರುಗಳ ಹೆಸರುಗಳನ್ನು ಗಮನಿಸಿದರೆ ಹಿಂದಿನವರು ಈ ನೆಲವನ್ನು ಹೇಗೆ ಅರಿತಿದ್ದರು ಎಂಬುದು ತಿಳಿಯುತ್ತದೆ. ದೇವಸಂದ್ರ, ಚಿಕ್ಕದೇವಸಂದ್ರ, ಚೀಮಸಂದ್ರ. ಇವುಗಳಲ್ಲಿನ ‘ಸಂದ್ರ’ವು ‘ಸಮುದ್ರ’ದ ಸವೆದ ರೂಪ, ಅಂದರೆ ಕೆರೆ. ಕಲ್ಕೆರೆಯಲ್ಲಂತೂ ಕೆರೆ ಹೆಸರಿನಲ್ಲಿಯೇ ಉಳಿದಿದೆ. ಹೊಳೆಯಿಲ್ಲದ ನಾಡಿನಲ್ಲಿ ಮಳೆಯ ನೀರನ್ನು ತಡೆದು ನಿಲ್ಲಿಸಿದವರು ಅದನ್ನು ಸಮುದ್ರವೆಂದು ಕರೆದದ್ದು ಉತ್ಪ್ರೇಕ್ಷೆ ಎನ್ನಬಹುದು. ಆದರೆ ಆ ಉತ್ಪ್ರೇಕ್ಷೆಯಲ್ಲಿ ಸಮಾಧಾನವೂ ಇದೆ, ಹೆಮ್ಮೆಯೂ ಇದೆ.

ಕಾಡುಗೋಡಿಯಲ್ಲಿ ದೊರೆತ 1043ರ ತಮಿಳು ಶಾಸನವು ಚೋಳ ರಾಜೇಂದ್ರನ ಕಾಲದ್ದು. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ ತೂಬುಗಳನ್ನು ಇರಿಸಿದ ವಿಷಯ ಅದರಲ್ಲಿದೆ. ಇಂದು ಆ ಪಟ್ಟಂದೂರು ಅಗ್ರಹಾರದ ಸುತ್ತ ಇರುವುದು ಗಾಜಿನ ಕಟ್ಟಡಗಳು. ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆಯತ್ತ ಹೋಗುವಾಗ ಎಡಬದಿಗೆ ಕಾಣುವ ವಿಶಾಲವಾದ ಕೆರೆಗೆ ಎಲೆ ಮಲ್ಲಪ್ಪ ಶೆಟ್ಟರ ಹೆಸರಿದೆ. ಅರಸರಲ್ಲ, ಅಧಿಕಾರಿಯಲ್ಲ, ವೀಳ್ಯದೆಲೆಯ ವ್ಯಾಪಾರದಿಂದ ಮುಂದೆ ಬಂದವರು. ಸಾವಿರ ವರ್ಷಗಳ ಅಂತರದ ಹಿಂದಿನ ಶಾಸನವನ್ನೂ ಈ ವರ್ತಕರ ಕೆರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಖಚಿತ: ಇಲ್ಲಿ ನೀರು ದೊರಕುವುದಲ್ಲ, ಕಟ್ಟಿಕೊಳ್ಳಬೇಕಾದದ್ದು ಎಂಬ ತಿಳಿವಳಿಕೆ ಎಂದೂ ತಪ್ಪಿರಲಿಲ್ಲ.

ಕಂದಾಯ ದಾಖಲೆಗಳು ಇದೇ ತಿಳಿವಳಿಕೆಯ ಮೇಲೆ ರೂಪುಗೊಂಡವು. ಪಹಣಿಯಲ್ಲಿ ಜಮೀನು ಮೂರು ಬಗೆ: ಮಳೆಯನ್ನೇ ನಂಬಿದ ಖುಷ್ಕಿ, ಕೆರೆಯ ನೀರು ಹಾಯುವ ತರಿ, ತೋಟದ ಬಾಗಾಯ್ತು. ಕೆರೆಯ ಅಂಗಳ, ಏರಿ, ಕೋಡಿ, ಕಾಲುವೆ, ದನ ಮೇಯುವ ಗೋಮಾಳ, ನೆರಳಿನ ಗುಂಡುತೋಪು, ಉಳುಮೆಗೆ ಬಾರದ ಖರಾಬು ಎಲ್ಲಕ್ಕೂ ಪ್ರತ್ಯೇಕ ನಮೂದು ಇತ್ತು. ಯಾವ ಹೊಲಕ್ಕೆ ಯಾವ ದಿನ ನೀರು ಎಂಬುದನ್ನು ನೀರುಗಂಟಿ ನಿರ್ಧರಿಸುತ್ತಿದ್ದ. ಊರಿನ ಬಹುಪಾಲು ಭೂಮಿ ಖುಷ್ಕಿಯಾಗಿತ್ತು. ಅದಕ್ಕೆ ನೀರಿಲ್ಲ ಎಂಬುದನ್ನು ದಾಖಲೆಯೇ ಒಪ್ಪಿಕೊಂಡಿತ್ತು. ಮುಂದೆ ಬಡಾವಣೆಗಳು ಎದ್ದದ್ದು ಹೆಚ್ಚಾಗಿ ಈ ಖುಷ್ಕಿ ಭೂಮಿಯ ಮೇಲೆಯೇ.

ಹಲಸೂರಿನಿಂದ ಹೊರಟ ನಗರ

ಬೆಂಗಳೂರು ಪೂರ್ವಕ್ಕೆ ಬೆಳೆದದ್ದು ದಂಡಿನಿಂದ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಹಲಸೂರಿನ ಬಳಿಗೆ ಬಂದು ನೆಲೆಸಿತು. ಜೋಲಾರಪೇಟೆಯಿಂದ ದಂಡು ನಿಲ್ದಾಣದವರೆಗಿನ ರೈಲು ಮಾರ್ಗ 1864ರಲ್ಲಿ ಸಿದ್ಧವಾಯಿತು. ಅದು ಹಾದುಹೋದದ್ದು ಕೆ.ಆರ್.ಪುರದ ಮೂಲಕ. ಮದ್ರಾಸಿನ ಕಡೆಯಿಂದ ಬಂದ ಆ ರೈಲಿನ ನೆನಪು ಇಂದಿಗೂ ನಿಲ್ದಾಣದ ಹೆಸರಿನಲ್ಲಿದೆ. ತಾಲ್ಲೂಕು ಕಚೇರಿಗೆ ಇದು ಕೃಷ್ಣರಾಜಪುರ, ರೈಲ್ವೆಗೆ ಕೃಷ್ಣರಾಜಪುರಂ, ಬಸ್ಸಿನ ನಿರ್ವಾಹಕರಿಗೆ ಕೆ.ಆರ್.ಪುರಂ. ಒಂದು ಅನುಸ್ವಾರದಲ್ಲಿ ದಂಡುಪ್ರದೇಶದ ಇತಿಹಾಸವೇ ಅಡಗಿದೆ ಎನ್ನಬಹುದು.

1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ವೈಟ್‌ಫೀಲ್ಡ್, 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ ಕಾರ್ಖಾನೆ ಬಂದವು. ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ನಗರ ಮತ್ತು ದಂಡು ಎರಡೂ ಒಂದೇ ಕಾರ್ಪೊರೇಷನ್ ಆದವು. ಬಿನ್ನಮಂಗಲದಂತಹ ಊರುಗಳ ನೆಲದಲ್ಲಿ ಇಂದಿರಾನಗರ ಎದ್ದಿತು. ಆದರೂ ಈ ಬೆಳವಣಿಗೆಯಲ್ಲಿ ಒಂದು ಕ್ರಮವಿತ್ತು. ಕಾರ್ಖಾನೆಗಳು ತಮ್ಮ ಕಾರ್ಮಿಕರಿಗೆ ವಸತಿ, ಶಾಲೆ, ಆಸ್ಪತ್ರೆ ಒದಗಿಸಿದವು. ಇಂದಿರಾನಗರಕ್ಕೆ ನಕ್ಷೆ ಇತ್ತು, ಕೊಳಾಯಿ ಇತ್ತು.

ಆ ಕ್ರಮ ತಪ್ಪಿದ್ದು ಇಂದಿರಾನಗರ ದಾಟಿದ ಮೇಲೆ, 1990ರ ದಶಕದಿಂದ. ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಮತ್ತು ಹೊರವರ್ತುಲ ರಸ್ತೆ ಭೂಮಿಯ ಬೆಲೆಯನ್ನು ಬದಲಿಸಿದವು. ಭೂಪರಿವರ್ತನೆ ಮಾಡಿಸಿಕೊಂಡವರು ಕೆಲವರು. ಅದನ್ನೂ ಮಾಡಿಸದೆ ಹೊಲವನ್ನೇ ತುಂಡು ಮಾಡಿ ಮಾರಿದವರು ಅನೇಕರು. ಹೀಗೆ ‘ರೆವಿನ್ಯೂ ಸೈಟು’ ಎಂಬ ಪದ ಬೆಂಗಳೂರಿನ ಕನ್ನಡಕ್ಕೆ ಸೇರಿತು, ಅದರ ಬೆನ್ನಿಗೇ ‘ಬಿ ಖಾತಾ’ ಬಂದಿತು. ಮನೆ ಕಟ್ಟಿದವರಲ್ಲಿ ಬಹುಮಂದಿ ಮಧ್ಯಮ ವರ್ಗದವರು, ಕಾರ್ಖಾನೆಯ ನೌಕರರು, ಹೊರಜಿಲ್ಲೆಗಳಿಂದ ಬಂದವರು. ಅವರು ಕೊಂಡದ್ದು ನಿವೇಶನವನ್ನು. ನೀರನ್ನು ಯಾರೂ ಅವರಿಗೆ ಮಾರಿರಲಿಲ್ಲ. ಅದು ಕೊಳವೆಬಾವಿಯಿಂದ ಬರುತ್ತದೆ ಎಂಬ ನಂಬಿಕೆಯಷ್ಟೇ ಇತ್ತು.

ಪುರಸಭೆ ಹೋಯಿತು, ಪಾಲಿಕೆ ಬಂತು

2001ರ ಜನಗಣತಿಯ ಹೊತ್ತಿಗೆ ಕೆ.ಆರ್.ಪುರ ನಗರಸಭೆಯ ಜನಸಂಖ್ಯೆ ಎರಡು ಲಕ್ಷಕ್ಕೆ ಸಮೀಪಿಸಿತ್ತು. ಹಲವು ಜಿಲ್ಲಾ ಕೇಂದ್ರಗಳಿಗಿಂತ ದೊಡ್ಡ ಊರು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ಕೆ.ಆರ್.ಪುರ ಮತ್ತು ಮಹದೇವಪುರ ನಗರಸಭೆಗಳೂ ಅದರಲ್ಲಿ ವಿಲೀನವಾದವು. ಮೊದಲ ಚುನಾವಣೆ ನಡೆದದ್ದು ಮೂರು ವರ್ಷ ಕಳೆದು, 2010ರ ಮಾರ್ಚ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಮಂಡಳಿಯ ಅವಧಿ ಮುಗಿಯಿತು. ಆ ಬಳಿಕ ಚುನಾವಣೆಯನ್ನೇ ಕಾಣದೆ ಬಿಬಿಎಂಪಿ ಇತಿಹಾಸ ಸೇರಿತು. 2025ರ ಸೆಪ್ಟೆಂಬರ್ 2ರಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗ ಕೆ.ಆರ್.ಪುರ ಮತ್ತು ಮಹದೇವಪುರ ಕ್ಷೇತ್ರಗಳ ನಗರ ಭಾಗವು ಬೆಂಗಳೂರು ಪೂರ್ವ ನಗರ ಪಾಲಿಕೆಯಾಯಿತು.

ಇತ್ತ ತಾಲ್ಲೂಕಿನ ಗ್ರಾಮೀಣ ಭಾಗದ ಸ್ಥಿತಿಯೂ ಭಿನ್ನವಲ್ಲ. ರಾಜ್ಯದ ಇತರೆಡೆಗಳಂತೆ ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಳು ಉರುಳಿದವು. ಪರಿಣಾಮವಾಗಿ, ಕಳೆದ ದಶಕದ ಮೊದಲಲ್ಲಿ ವಾರ್ಡಿನ ಸದಸ್ಯರ ಮನೆ ಬಾಗಿಲಿಗೆ ಹೋಗುತ್ತಿದ್ದ ದೂರುಗಳೆಲ್ಲ ಶಾಸಕರ ಕಚೇರಿಗೆ, ಇಲ್ಲವೇ ಆ್ಯಪ್‌ಗೆ ಹೋಗತೊಡಗಿದವು. ಆಸ್ತಿ ತೆರಿಗೆ ಸಂಗ್ರಹದಲ್ಲಿ ಬಿಬಿಎಂಪಿಯ ಎಂಟು ವಲಯಗಳ ಪೈಕಿ ಸತತವಾಗಿ ಮುಂಚೂಣಿಯಲ್ಲಿದ್ದದ್ದು ಮಹದೇವಪುರ ವಲಯ. ಅತಿ ಹೆಚ್ಚು ತೆರಿಗೆ ಕೊಟ್ಟ ಪ್ರದೇಶದ ಜನರಿಗೆ ಆ ಹಣದ ಬಗ್ಗೆ ಪ್ರಶ್ನಿಸುವ ಪ್ರತಿನಿಧಿ ಐದು ವರ್ಷಗಳ ಕಾಲ ಇರಲಿಲ್ಲವೆಂಬುದು ಸಣ್ಣ ವಿಪರ್ಯಾಸವೇನಲ್ಲ.

ಅಧಿಕಾರ ಹೀಗೆ ಕೈ ಬದಲಾಯಿಸುತ್ತಿದ್ದಾಗಲೂ ಬದಲಾಗದೆ ಉಳಿದದ್ದು ತಹಶೀಲ್ದಾರರ ಕಚೇರಿ. ಕೆರೆಯ ಗಡಿ ಯಾವುದು, ರಾಜಕಾಲುವೆಯ ಅಗಲ ಎಷ್ಟು, ಗೋಮಾಳ ಎಲ್ಲಿತ್ತು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಅಲ್ಲಿನ ದಾಖಲೆ ಕೊಠಡಿಯಲ್ಲಿ ಮತ್ತು ಭೂಮಾಪಕರ ಸರಪಳಿಯಲ್ಲಿ. ಕೆರೆಯ ನಿರ್ವಹಣೆ ಪಾಲಿಕೆಯದು, ಕೊಳಾಯಿ ಮತ್ತು ಒಳಚರಂಡಿ ಜಲಮಂಡಳಿಯದು, ನಕ್ಷೆಯ ಮಂಜೂರಾತಿ ಇನ್ನೊಬ್ಬರದು, ಗಡಿ ಮಾತ್ರ ಕಂದಾಯ ಇಲಾಖೆಯದು. ಒತ್ತುವರಿಯ ಪ್ರಶ್ನೆ ಬಂದಾಗ ಪ್ರತಿಯೊಬ್ಬರೂ ಮತ್ತೊಬ್ಬರ ಕಡತದತ್ತ ಬೆರಳು ತೋರುವುದಕ್ಕೆ ಇಷ್ಟು ಸಾಕು. ಎ.ಟಿ.ರಾಮಸ್ವಾಮಿ ನೇತೃತ್ವದ ಜಂಟಿ ಸದನ ಸಮಿತಿ 2007ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಭೂಕಬಳಿಕೆಯ ವರದಿ ಕೊಟ್ಟಿತು. ಕೆರೆ ಒತ್ತುವರಿಗಾಗಿಯೇ ಕೆ.ಬಿ.ಕೋಳಿವಾಡ ಸಮಿತಿ ರಚನೆಯಾಯಿತು. ವರದಿಗಳ ಕೊರತೆ ಈ ತಾಲ್ಲೂಕಿಗೆ ಎಂದೂ ಆಗಿಲ್ಲ.

2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ, ಬೆಳ್ಳಂದೂರು ಭಾಗದ ಐಷಾರಾಮಿ ಬಡಾವಣೆಗಳು ಮುಳುಗಿದಾಗ ಸಾಫ್ಟ್‌ವೇರ್ ಉದ್ಯೋಗಿಗಳನ್ನು ಕಚೇರಿಗೆ ಸಾಗಿಸಿದ್ದು ಟ್ರ್ಯಾಕ್ಟರುಗಳು. ಉಳಲು ಹೊಲವಿಲ್ಲದೆ ನಿಂತಿದ್ದ ವಾಹನಕ್ಕೆ ಕೆಲಸ ಸಿಕ್ಕಿತು ಎಂದು ಜನ ನಕ್ಕರು. ಹಳೆಯ ನಕ್ಷೆ ಬಲ್ಲವರಿಗೆ ಅದು ಅಚ್ಚರಿಯ ಸಂಗತಿಯಾಗಿರಲಿಲ್ಲ. ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ಹೋಗುವ ದಾರಿ ಯಾವುದಿತ್ತೋ, ಅದೇ ದಾರಿಯನ್ನು ನೀರು ಹುಡುಕಿಕೊಂಡು ಬಂದಿತ್ತು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಜಲಾವೃತವಾದಾಗಲೂ ಅದೇ ಕಥೆ. ಒಣನಾಡಿನಲ್ಲಿ ಪ್ರವಾಹ ಬರುವುದು ಮಳೆ ಹೆಚ್ಚಾದದ್ದರಿಂದ ಮಾತ್ರವಲ್ಲ. ನೀರಿಗೆ ನಿಲ್ಲಲು ಬಿಟ್ಟಿದ್ದ ಜಾಗ ಇಲ್ಲವಾದದ್ದರಿಂದ.

ಕಾವೇರಿ ಕಣಿವೆಯ ಹೊರಗೆ

ಇನ್ನು ಕುಡಿಯುವ ನೀರಿನ ವಿಷಯ. ಬೆಂಗಳೂರು ಒಂದು ದಿಬ್ಬದ ಮೇಲಿದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಕೆ.ಆರ್.ಪುರ ಈ ಎರಡನೆಯ ಕಡೆಗಿದೆ, ಅಂದರೆ ಕಾವೇರಿ ಕಣಿವೆಯ ಹೊರಗೆ.

ಇದು ಕೇವಲ ಭೂಗೋಳದ ಪಾಠವಲ್ಲ. ಕಾವೇರಿ ನ್ಯಾಯಮಂಡಳಿ 2007ರ ಐತೀರ್ಪಿನಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಣಿವೆಯೊಳಗಿದೆ ಎಂಬ ಆಧಾರದಲ್ಲಿ ನಗರದ ಕುಡಿಯುವ ನೀರಿನ ಅಗತ್ಯವನ್ನು ಲೆಕ್ಕ ಹಾಕಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಆ ನಿಲುವನ್ನು ಒಪ್ಪಲಿಲ್ಲ. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ದೊರೆತ 14.75 ಟಿಎಂಸಿ ಅಡಿ ನೀರಿನಲ್ಲಿ 4.75 ಟಿಎಂಸಿ ಅಡಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದೇ ನೀಡಿತು. ಆ ಚರ್ಚೆ ಮಂಡ್ಯ ಮತ್ತು ತಂಜಾವೂರುಗಳ ಹೆಸರಿನಲ್ಲಿ ನಡೆಯಿತು. ಅದರಲ್ಲಿ ನೇರ ಹಿತಾಸಕ್ತಿ ಇದ್ದದ್ದು ಹೂಡಿ, ಹೊರಮಾವು, ರಾಮಮೂರ್ತಿನಗರ, ವರ್ತೂರಿನವರಿಗೆ ಎಂಬುದನ್ನು ಅಂದು ಯಾರೂ ಹೇಳಲಿಲ್ಲ.

ಹಕ್ಕು ದೊರೆತ ಮಾತ್ರಕ್ಕೆ ನೀರು ಬರುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಮರುವರ್ಷದ ಮಾರ್ಚ್ ವೇಳೆಗೆ ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಮೊದಲು ಕಂಗಾಲಾದದ್ದು 110 ಹಳ್ಳಿಗಳ ಭಾಗ, ಅದರಲ್ಲಿಯೂ ಪೂರ್ವದ ಅಂಚು. ಜಿಲ್ಲಾಡಳಿತವು ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು: ಐದು ಕಿ.ಮೀ. ಒಳಗೆ 6,000 ಲೀಟರ್‌ಗೆ ₹600, 12,000 ಲೀಟರ್‌ಗೆ ₹1,000. ದರಪಟ್ಟಿ ಹೊರಬಿದ್ದಾಗಲೇ ಒಂದು ಸತ್ಯವೂ ಹೊರಬಿತ್ತು. ಟ್ಯಾಂಕರಿನಲ್ಲಿರುವ ನೀರೂ ಸಮೀಪದ ಯಾವುದೋ ಹಳ್ಳಿಯ ಕೊಳವೆಬಾವಿಯದೇ. ಬಿದರಹಳ್ಳಿ ಹೋಬಳಿಯಂತಹ ಅಂಚಿನ ಊರಿನಲ್ಲಿ ತೋಟಕ್ಕೆ ಹಾಯಿಸುವುದಕ್ಕಿಂತ ಟ್ಯಾಂಕರಿಗೆ ತುಂಬುವುದೇ ಲಾಭವೆನಿಸಿದರೆ ರೈತನನ್ನು ದೂರುವುದು ಹೇಗೆ?

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತಕ್ಕೆ ಚಾಲನೆ ದೊರೆಯಿತು. ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನ ಈ ಯೋಜನೆಯ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್; ಉದ್ದೇಶ 110 ಹಳ್ಳಿಗಳು. ಅದಕ್ಕೆ ಮೊದಲು ಇಡೀ ನಗರಕ್ಕೆ ಬರುತ್ತಿದ್ದ ಕಾವೇರಿ ನೀರು ದಿನಕ್ಕೆ 145 ಕೋಟಿ ಲೀಟರ್. ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ, ನೀರು ಹೊರಟದ್ದು 2024ರಲ್ಲಿ. ಈ ಹದಿನೇಳು ವರ್ಷಗಳಲ್ಲಿ ಹುಟ್ಟಿದ ಮಗು ಕಾಲೇಜಿನ ಮೆಟ್ಟಿಲೇರಿತ್ತು. ದಿಬ್ಬದ ಮೇಲಿನ ನಗರಕ್ಕೆ ಸುಮಾರು ನೂರು ಕಿ.ಮೀ. ದೂರದಿಂದ ನೀರೆತ್ತುವ ವಿದ್ಯುತ್ ವೆಚ್ಚ, ಸಂಪರ್ಕ ಶುಲ್ಕ, ಒಳಚರಂಡಿ ಶುಲ್ಕಗಳ ಲೆಕ್ಕ ಬೇರೆ. ಆದರೂ ಐದನೇ ಹಂತವನ್ನು ಸಾಧನೆಯಲ್ಲ ಎನ್ನಲಾಗದು. ಬಂದ ನೀರನ್ನು ನಂಬಿ ಇನ್ನೆಷ್ಟು ಮಹಡಿಗಳು ಏಳುತ್ತವೆ ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬುದು ಉಳಿದ ಪ್ರಶ್ನೆ.

ಮತ್ತೊಂದು ಒಣನಾಡಿಗೆ

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಈ ಕಥೆಯ ಇನ್ನೊಂದು ಅರ್ಧವಿದೆ. ಕಾವೇರಿಯಿಂದ ತಂದು ಪೂರ್ವದಲ್ಲಿ ಬಳಸಿದ ನೀರು ಕಾವೇರಿಗೆ ಮರಳುವುದಿಲ್ಲ. ದಶಕಗಳ ಕಾಲ ಅದು ಕೊಳಚೆಯಾಗಿ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹರಿಯಿತು. ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿತು. 2015ರಲ್ಲಿ, ಮತ್ತೆ 2017 ಮತ್ತು 2018ರಲ್ಲಿ ಕೆರೆಯೇ ಹೊತ್ತಿ ಉರಿಯಿತು. ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಯಲ್ಲಿ ಸಾಗಿ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿಯೂ ನೊರೆಯಾಗಿ ಕಾಣಿಸಿಕೊಂಡು ಅಂತರರಾಜ್ಯ ದೂರಿಗೆ ಕಾರಣವಾಯಿತು.

2018ರ ಜೂನ್‌ನಲ್ಲಿ ಅದೇ ನೀರನ್ನು ಸಂಸ್ಕರಿಸಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಸಲಾಯಿತು. ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ ಕೆ.ಸಿ.ವ್ಯಾಲಿ ಯೋಜನೆ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಗುರಿ ಹೊಂದಿತ್ತು. ಮರುತಿಂಗಳಲ್ಲೇ ಆ ಕೆರೆಯಲ್ಲಿ ನೊರೆ ಕಂಡು ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು, ಅಲ್ಲಿಂದ ಸುಪ್ರೀಂ ಕೋರ್ಟ್‌ಗೂ ಹೋಯಿತು. ನೀರು ನಿಂತು, ಮತ್ತೆ ಹರಿಯಿತು. ಬತ್ತಿದ ಕೆರೆಗಳಲ್ಲಿ ನೀರು ನಿಂತದ್ದೂ ಸುತ್ತಲಿನ ಕೊಳವೆಬಾವಿಗಳು ಚೇತರಿಸಿಕೊಂಡದ್ದೂ ಕೋಲಾರದ ರೈತರೇ ಹೇಳುವ ಮಾತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂಬುದು ಅದೇ ಜಿಲ್ಲೆಯ ಹೋರಾಟಗಾರರ ಬೇಡಿಕೆ. ಇವೆರಡರಲ್ಲಿ ವಿರೋಧವಿಲ್ಲ. ನೀರಿಲ್ಲದವನು ಸಿಕ್ಕ ನೀರನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮಾತ್ರಕ್ಕೆ ಅದರ ಗುಣವನ್ನು ಪ್ರಶ್ನಿಸುವ ಹಕ್ಕನ್ನು ಬಿಟ್ಟುಕೊಟ್ಟಂತಾಗದು.

ನೀರಿನಂತೆ ಕಸವೂ ಪೂರ್ವಕ್ಕೇ ಹರಿಯಿತು. ಬಿದರಹಳ್ಳಿ ಹೋಬಳಿಯ ಮಂಡೂರು ವರ್ಷಗಟ್ಟಲೆ ಬೆಂಗಳೂರಿನ ತಿಪ್ಪೆಯಾಗಿತ್ತು. 2014ರ ಜೂನ್‌ನಲ್ಲಿ ಗ್ರಾಮಸ್ಥರು ಲಾರಿಗಳನ್ನು ತಡೆದು ಕುಳಿತ ಮೇಲೆ ಸರ್ಕಾರ ಗಡುವು ಕೊಟ್ಟಿತು. ಅದೇ ವರ್ಷದ ಡಿಸೆಂಬರ್ 1ರಿಂದ ಕಸ ಸುರಿಯುವುದು ನಿಂತಿತು. ಆ ಬಳಿಕ ಲಾರಿಗಳು ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಯ ದಾರಿ ಹಿಡಿದವು. ಅದೇನೂ ಬಹಳ ದೂರವಲ್ಲ. ಕಸ ಊರನ್ನು ಬದಲಿಸಿತು, ದಿಕ್ಕನ್ನು ಬದಲಿಸಲಿಲ್ಲ.

ಎಲ್ಲವೂ ಕೆಟ್ಟುಹೋಗಿದೆ ಎಂದರೆ ಅನ್ಯಾಯವಾದೀತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ನಿವಾಸಿಗಳೂ ಪಾಲಿಕೆಯೂ ಕೂಡಿ ಉಳಿಸಿಕೊಂಡದ್ದು ಈ ದಿಕ್ಕಿನಲ್ಲೇ. ಅಲ್ಲಿ ನೆರವಾದದ್ದು ಹಣಕ್ಕಿಂತ ಮಿಗಿಲಾಗಿ ಗಡಿಯ ಸ್ಪಷ್ಟತೆ ಮತ್ತು ದಿನವೂ ಕಾಯುವ ಜನ. ನೀರುಗಂಟಿಯ ಕೆಲಸವನ್ನು ಅಪಾರ್ಟ್‌ಮೆಂಟಿನವರು ಮಾಡಿದರು ಎನ್ನೋಣ.

ಬೆಂಗಳೂರು ಪೂರ್ವ ತಾಲ್ಲೂಕಿನಲ್ಲಿ ಈಗ ಹಳ್ಳಿಯೆಂದು ಉಳಿದಿರುವುದು ಮುಖ್ಯವಾಗಿ ಬಿದರಹಳ್ಳಿ ಹೋಬಳಿ. 2025ರಲ್ಲಿ ಐದು ಪಾಲಿಕೆಗಳ ಗಡಿ ಎಳೆದಾಗ ಇಲ್ಲಿನ ಗ್ರಾಮ ಪಂಚಾಯಿತಿಗಳು ಹೊರಗುಳಿದವು. ಆವಲಹಳ್ಳಿ, ಮಂಡೂರು, ದೊಡ್ಡಗುಬ್ಬಿ, ಕಣ್ಣೂರುಗಳ ಹೊಲದಂಚಿನಲ್ಲಿ ನಿವೇಶನ ಮಾರಾಟದ ಫಲಕಗಳು ಆಗಲೇ ನಿಂತಿವೆ. ಇವೂ ಒಂದು ದಿನ ಪಾಲಿಕೆಗೆ ಸೇರುವುದು ಬಹುತೇಕ ನಿಶ್ಚಿತ. 2007ರಲ್ಲಿ ಮೊದಲು ವಿಲೀನ, ಅನಂತರ ಕೊಳಾಯಿ, ಕೊನೆಗೆ ಕೆರೆಯ ಸರ್ವೆ ಎಂಬ ಕ್ರಮ ಅನುಸರಿಸಲಾಗಿತ್ತು. ಈ ಬಾರಿ ಕೆರೆ, ಕಾಲುವೆ, ಗೋಮಾಳಗಳ ಅಳತೆಯನ್ನು ಮೊದಲು ಮುಗಿಸಿ ಅದನ್ನೇ ನಗರದ ನಕ್ಷೆಯ ಮೊದಲ ಗೆರೆಯಾಗಿಸಲು ಅಡ್ಡಿಯೇನೂ ಇಲ್ಲ. ಅದಕ್ಕೆ ಬೇಕಾದ ಸರ್ವೆ ಪುಸ್ತಕಗಳು ಕೆ.ಆರ್.ಪುರದ ತಾಲ್ಲೂಕು ಕಚೇರಿಯಲ್ಲಿಯೇ ಇವೆ.